ಒನೈಡಾ ಹಡಗಿನ ಹುಟ್ಟುಹಬ್ಬ

ಕಪ್ಪು-ಬಿಳುಪಿನಲ್ಲಿ ಒಂದು ಶವಸಂಸ್ಕಾರ. ಮರುಗಳಿಗೆ ಪರದೆಗೆ ಬಣ್ಣ ಬರುತ್ತದೆ: 1924ರ ನವೆಂಬರ್, ಕ್ಯಾಲಿಫೋರ್ನಿಯಾದ ಕಡಲು, 'ಒನೈಡಾ' ಎಂಬ ವಿಹಾರನೌಕೆ. ಬಣ್ಣ ಬಂದರೂ ಹಡಗೇರಿದವರ ಉಡುಪು ಬಹುಪಾಲು ಕಪ್ಪು, ಇಲ್ಲವೇ ಬಿಳಿ. ಪೀಟರ್ ಬೊಗ್ಡಾನೊವಿಚ್ 2001ರಲ್ಲಿ ತೆಗೆದ 'ದಿ ಕ್ಯಾಟ್ಸ್ ಮಿಯಾವ್' ಬಂದದ್ದೂ ಹೋದದ್ದೂ ಎಷ್ಟೋ ಮಂದಿಗೆ ಗೊತ್ತಾಗಲೇ ಇಲ್ಲ.

ಹಡಗು ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನದು. ಪಕ್ಕದಲ್ಲಿ ಪ್ರೇಯಸಿ, ನಟಿ ಮೇರಿಯನ್ ಡೇವಿಸ್. ಅತಿಥಿಗಳಲ್ಲಿ ಚಾಪ್ಲಿನ್, ಕಾದಂಬರಿಗಾರ್ತಿ ಎಲಿನಾರ್ ಗ್ಲಿನ್, ಅಂಕಣಗಾರ್ತಿ ಲೂಯೆಲಾ ಪಾರ್ಸನ್ಸ್. ನೆಪ, ನಿರ್ಮಾಪಕ ಥಾಮಸ್ ಇನ್ಸ್‌ನ ಹುಟ್ಟುಹಬ್ಬ. ಚಿತ್ರೀಕರಣಕ್ಕೆ ಮೊದಲೇ ಎಲ್ಲವನ್ನೂ ಕಾಗದಕ್ಕಿಳಿಸಿ, ಸಿನಿಮಾ ತಯಾರಿಕೆಗೆ ಕಾರ್ಖಾನೆಯ ಶಿಸ್ತು ತಂದ ಗಟ್ಟಿಗ ಆತ. ಚಿತ್ರದಲ್ಲಿ ಅವನ ಕೈ ಬರಿದಾಗಿದೆ. ಹರ್ಸ್ಟ್ ಜೊತೆ ಪಾಲುದಾರಿಕೆ ಕುದುರಿಸಲು ಹಲ್ಲು ಗಿಂಜುತ್ತ ಓಡಾಡುತ್ತಾನೆ.

ಷಾಂಪೇನ್ ಹರಿಯುತ್ತದೆ, ಜಾಝ್ ನಿಲ್ಲುವುದಿಲ್ಲ. ಆದರೂ ಆ ನಗುವಿನಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಎಲ್ಲರ ಒಂದು ಕಣ್ಣು ಯಜಮಾನನ ಮುಖದ ಮೇಲೆ. ಎಡ್ವರ್ಡ್ ಹರ್ಮನ್ ಅವರ ಹರ್ಸ್ಟ್ ಆನೆಯಂಥ ಆಳು. ಡೆಕ್ಕಿನ ಮೇಲೆ ನಿಂತು ಕಡಲಕ್ಕಿಗೆ ಗುಂಡು ಹಾರಿಸುವಷ್ಟು ಒರಟ, ಮೇರಿಯನ್ ಚಾಪ್ಲಿನ್ ಕಡೆ ತಿರುಗಿದರೆ ಮಗುವಿನಂತೆ ಮುಖ ಬಾಡಿಸುವಷ್ಟು ಅಸಹಾಯಕ. ಖಳನ ಮೇಲೆ ಕನಿಕರ ಹುಟ್ಟಿಸುವುದೇ ಈ ಚಿತ್ರದ ದೊಡ್ಡ ಕಸುಬು. ಮೇರಿಯನ್ ಆಗಿರುವ ಕರ್ಸ್ಟನ್ ಡನ್ಸ್ಟ್‌ಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಹಾಗೆಂದು ಹೇಳಿದರೂ ನಂಬುವುದು ಕಷ್ಟ.

ಚಾಪ್ಲಿನ್ ಬರೆದು ಬಿಸಾಡಿದ ಪ್ರೇಮಪತ್ರ ಇನ್ಸ್‌ಗೆ ಕಸದ ಬುಟ್ಟಿಯಲ್ಲಿ ಸಿಗುತ್ತದೆ. ಒಲಿಸಿಕೊಳ್ಳುವ ಆಸೆಯಿಂದ ಅದನ್ನು ಹರ್ಸ್ಟ್ ಕೈಗಿಡುತ್ತಾನೆ. ರಾತ್ರಿ ಮೇರಿಯನ್ ಜೊತೆ ಕೂತವನ ಬೆನ್ನು ಕಂಡದ್ದೇ ತಡ, ಹರ್ಸ್ಟ್ ಅವನನ್ನು ಚಾಪ್ಲಿನ್ ಎಂದುಕೊಂಡು ಗುಂಡು ಹಾರಿಸುತ್ತಾನೆ. ಅಲ್ಲಿ ಕೂತಿದ್ದವನು ಇನ್ಸ್!

ಇದು ಚಿತ್ರ ಹೇಳುವ ಕಥೆ. ದಾಖಲೆಯ ಪ್ರಕಾರ ನವೆಂಬರ್ 19ರಂದು ಇನ್ಸ್ ಸತ್ತದ್ದು ತನ್ನ ಮನೆಯಲ್ಲಿ, ಹೃದಯ ನಿಂತು. ಕೊಲೆಯೆಂಬುದಕ್ಕೆ ಪುರಾವೆಯಿಲ್ಲ; ತಾನು ಆ ಹಡಗಿನಲ್ಲೇ ಇರಲಿಲ್ಲ ಎಂದ ಚಾಪ್ಲಿನ್. ಬೊಗ್ಡಾನೊವಿಚ್ ಈ ಗುಸುಗುಸುವನ್ನು ಕೇಳಿದ್ದು, ಹರ್ಸ್ಟ್‌ನನ್ನೇ ಮನಸ್ಸಿನಲ್ಲಿಟ್ಟು 'ಸಿಟಿಜನ್ ಕೇನ್' ಮಾಡಿದ ಆರ್ಸನ್ ವೆಲ್ಸ್ ಬಾಯಲ್ಲಿ.

ಗುಂಡಿನ ಸದ್ದಿಗಿಂತ ನನ್ನನ್ನು ಬೆಚ್ಚಿಸಿದ್ದು ಆಮೇಲಿನ ಚೌಕಾಸಿ. ಕಂಡದ್ದನ್ನು ಕಾಣಲಿಲ್ಲವೆನ್ನಲು ಪಾರ್ಸನ್ಸ್ ಜೀವಮಾನದ ನೌಕರಿ ಕೇಳುತ್ತಾಳೆ; ಅಷ್ಟು ಹೊತ್ತು ಬೆಪ್ಪಳಂತೆ ಕಂಡವಳು ನೋಡನೋಡುತ್ತಲೇ ಪಕ್ಕಾ ವ್ಯಾಪಾರಿ. ನಿಜದಲ್ಲಿ ಆಕೆ ಈ ಸಾವಿಗೆ ಮೊದಲೇ ಹರ್ಸ್ಟ್ ಪತ್ರಿಕೆಗೆ ಸೇರಿದ್ದಳು. ಆದರೂ ಪಾರ್ಸನ್ಸ್ ಆಗಿರುವ ಜೆನಿಫರ್ ಟಿಲ್ಲಿ ಆ ಕೀಚಲು ದನಿಯಲ್ಲಿ ಸಂಬಳ ಕುದುರಿಸುವುದನ್ನು ನೋಡುವಾಗ ಇತಿಹಾಸದ ಗೊಡವೆ ಯಾರಿಗೆ ಬೇಕು!