ಇಳಿಜಾರಿನಲ್ಲಿ ಇಂಧನದ ಉಳಿತಾಯ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಇಂತಹ ಇಳಿಜಾರಿನಲ್ಲಿ ಕಾರನ್ನು ನ್ಯೂಟ್ರಲ್‌ಗೆ ತಂದು ಹರಿಯಬಿಟ್ಟರೆ ಪೆಟ್ರೋಲು ಉಳಿಯುವುದೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಕಾರ್ಬುರೇಟರಿನ ಹಳೆಯ ಕಾರುಗಳ ಕಾಲಕ್ಕೆ ಈ ನಂಬಿಕೆಗೆ ತಕ್ಕಮಟ್ಟಿನ ಆಧಾರವಿತ್ತು. ಇಂಧನವನ್ನು ವಿದ್ಯುನ್ಮಾನ ನಿಯಂತ್ರಣದಿಂದ ಚಿಮ್ಮಿಸುವ ಇಂದಿನ ಕಾರುಗಳ ರೀತಿಯೇ ಬೇರೆ. ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಅದರ ವೇಗ ತೀರ ಕುಗ್ಗುವವರೆಗೆ ಇಂಧನದ ಪೂರೈಕೆ ತಾನಾಗಿ ನಿಂತಿರುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಿರಲು ಇಂಧನ ಉರಿಯುತ್ತಲೇ ಇರಬೇಕು. ಮೇಲಾಗಿ ವೇಗವನ್ನು ತಡೆಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅದು ಕಾದು ಹಿಡಿತ ತಪ್ಪಿದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. ಎಂಜಿನ್ನನ್ನೇ ಆರಿಸಿ ಇಳಿಯುವುದಂತೂ ಇನ್ನೂ ಘಾತಕ. ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ನೆರವು ತಪ್ಪುತ್ತದೆ. ಆದುದರಿಂದ ಘಾಟಿಯನ್ನು ಏರುವ ಗೇರಿನಲ್ಲಿಯೇ ಇಳಿಯೋಣ. ಕ್ಷೇಮವೂ ಉಳಿತಾಯವೂ ಅದರಲ್ಲಿಯೇ ಅಡಗಿವೆ.