ಗಸಗಸೆ ಹೊಲ ಹೂದೋಟವಾದ ಬೆಟ್ಟ

2018ರ ಜೂನ್-ಜುಲೈ ತಿಂಗಳಲ್ಲಿ ಇಡೀ ಜಗತ್ತು ಥಾಯ್ಲೆಂಡಿನ ಒಂದು ಗುಹೆಯತ್ತ ಕಣ್ಣು ನೆಟ್ಟಿದ್ದು ಓದುಗ ಸಹೋದರಿಯರಿಗೆ ನೆನಪಿರಬಹುದು. ಫುಟ್ಬಾಲ್ ತಂಡವೊಂದರ 12 ಬಾಲಕರು ಮತ್ತು ಅವರ ತರಬೇತುದಾರ ಮಳೆನೀರು ತುಂಬಿದ ಗುಹೆಯೊಳಗೆ ಸಿಕ್ಕಿಹಾಕಿಕೊಂಡು, ಎರಡು ವಾರಕ್ಕೂ ಹೆಚ್ಚು ಕಾಲ ಕಳೆದ ಬಳಿಕ ಜೀವಂತವಾಗಿ ಹೊರಬಂದರು. ಆ ಗುಹೆ ಇರುವ ಬೆಟ್ಟಸಾಲಿಗೆ ಅಲ್ಲಿನ ಜನ 'ದೋಯ್ ನಾಂಗ್ ನೋನ್' ಎನ್ನುತ್ತಾರೆ. ಮಲಗಿರುವ ಮಹಿಳೆಯ ಬೆಟ್ಟ ಎಂದು ಅದರ ಅರ್ಥ. ದೂರದಿಂದ ನೋಡಿದರೆ ಒಬ್ಬ ಹೆಂಗಸು ಕೂದಲು ಹರಡಿಕೊಂಡು ಮಲಗಿದಂತೆ ಆ ಸಾಲು ಕಾಣುತ್ತದೆ.

ಗುಹೆ ಇರುವುದು ಮೇ ಸಾಯ್ ಎಂಬಲ್ಲಿ. ಅದೇ ಬೆಟ್ಟಗಳ ಮೇಲೆ, ಮ್ಯಾನ್ಮಾರ್ ಗಡಿಗೆ ತಾಗಿಕೊಂಡು 'ಮೇ ಫಾ ಲುವಾಂಗ್' ಎಂಬ ಇನ್ನೊಂದು ಪ್ರದೇಶವಿದೆ. ಅದು ಚಿಯಾಂಗ್ ರಾಯ್ ಪ್ರಾಂತಕ್ಕೆ ಸೇರಿದ, ನಮ್ಮ ತಾಲೂಕಿಗೆ ಸಮನಾದ ಆಡಳಿತ ಘಟಕ. ಇಂದು ಅಲ್ಲಿಗೆ ಪ್ರವಾಸಿಗರು ಹೂದೋಟ, ಚಹಾ ತೋಟ ಮತ್ತು ಜೋಕಾಲಿ ಹಬ್ಬ ನೋಡಲು ಹೋಗುತ್ತಾರೆ. ಆದರೆ ಹೂದೋಟ ಇರುವ ಜಾಗದಲ್ಲಿ ಹಿಂದೆ ಏನಿತ್ತು ಎಂಬುದನ್ನು ತಿಳಿದು ನೋಡಿದರೆ ಮಾತ್ರ ಆ ಊರು ನಮಗೆ ಅರ್ಥವಾಗುತ್ತದೆ.

ಅಡುಗೆಮನೆಯ ಗಸಗಸೆ, ಬೆಟ್ಟದ ಅಫೀಮು

ನಾವು ಪಾಯಸಕ್ಕೂ ಮಸಾಲೆಗೂ ಅರೆದು ಹಾಕುವ ಗಸಗಸೆ ಒಂದು ಗಿಡದ ಬೀಜ. ಆ ಬೀಜದಲ್ಲಿ ಅಮಲಿಲ್ಲ. ಆದರೆ ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದರೆ ಹಾಲಿನಂತಹ ಅಂಟು ಒಸರುತ್ತದೆ. ಅದು ಒಣಗಿದರೆ ಅಫೀಮು.

ಅಖಾ, ಲಾಹು ಮುಂತಾದ ಗುಡ್ಡಗಾಡು ಜನರು ಈ ಬೆಟ್ಟಗಳಲ್ಲಿ ಕಾಡು ಕಡಿದು, ಸುಟ್ಟು, ಭತ್ತದ ಜೊತೆಗೆ ಗಸಗಸೆಯನ್ನೂ ಬೆಳೆಯುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ರಸ್ತೆಯೇ ಇಲ್ಲದ ಊರಿನಿಂದ ಎಲೆಕೋಸನ್ನು ಪೇಟೆಗೆ ಹೊತ್ತು ಸಾಗಿಸಲಾದೀತೇ? ಅಫೀಮಿಗಾದರೆ ತೂಕ ಕಡಿಮೆ, ಬೆಲೆ ಹೆಚ್ಚು. ಕೊಳ್ಳುವವನೇ ಹೇಸರಗತ್ತೆಗಳೊಂದಿಗೆ ಮನೆ ಬಾಗಿಲಿಗೆ ಬರುತ್ತಿದ್ದ. ಡಾಕ್ಟರೇ ಇಲ್ಲದ ಕಡೆ ನೋವಿಗೆ ಔಷಧಿಯೂ ಅದೇ ಆಗಿತ್ತು. ಹಾಗೆ ಬೆಳೆದವರೇ ಅದರ ಚಟಕ್ಕೆ ಬಿದ್ದರು. ದುಡಿಯುವ ಗಂಡಸು ಚಾಪೆ ಹಿಡಿದರೆ ಮನೆಯ ಭಾರವೆಲ್ಲ ಹೆಂಗಸಿನ ಹೆಗಲಿಗೆ ಬೀಳುತ್ತಿತ್ತು. ಕಡುಬಡತನದಿಂದಾಗಿ ಹೆಣ್ಣುಮಕ್ಕಳು ನಗರಗಳ ಕೆಟ್ಟ ದಂಧೆಗೆ ಮಾರಾಟವಾದ ಪ್ರಸಂಗಗಳೂ ನಡೆದವು. ಥಾಯ್ಲೆಂಡ್ ಸರಕಾರ 1959ರಲ್ಲಿಯೇ ಅಫೀಮನ್ನು ನಿಷೇಧಿಸಿತ್ತು. ಆದರೆ ಬೇರೆ ದಾರಿಯಿಲ್ಲದ ಬೆಟ್ಟದ ಜನರ ಬದುಕನ್ನು ಬರಿಯ ಕಾನೂನು ಬದಲಿಸಲಿಲ್ಲ.

ಆಕಾಶದಿಂದ ಬಂದ ತಾಯಿ

'ಮೇ ಫಾ ಲುವಾಂಗ್' ಎಂದರೆ ಆಕಾಶದಿಂದ ಬಂದ ರಾಜಮಾತೆ. ದೊರೆ ಭೂಮಿಬೋಲರ ತಾಯಿ ಶ್ರೀನಗರಿಂದ್ರಾ ಅವರಿಗೆ ಬೆಟ್ಟದ ಜನ ಇಟ್ಟ ಹೆಸರಿದು. ರಸ್ತೆಯಿಲ್ಲದ ಹಳ್ಳಿಗಳಿಗೆ ಅವರು ವೈದ್ಯರ ತಂಡದೊಂದಿಗೆ ಹೆಲಿಕಾಪ್ಟರಿನಲ್ಲಿ ಬಂದಿಳಿಯುತ್ತಿದ್ದರು. ಈ ಮಹಿಳೆ ಹುಟ್ಟಿದ್ದು 1900ರಲ್ಲಿ, ಸಾಮಾನ್ಯ ಕುಟುಂಬದಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ನರ್ಸಿಂಗ್ ಕಲಿತು, ರಾಜಕುಮಾರ ಮಹಿಡೋಲ್‌ರನ್ನು ವಿವಾಹವಾದರು. 1929ರಲ್ಲಿ ವಿಧವೆಯಾಗಿ ಮೂವರು ಮಕ್ಕಳನ್ನು ಬೆಳೆಸಿದರು. ಅವರ ಇಬ್ಬರು ಗಂಡುಮಕ್ಕಳೂ ಒಬ್ಬರ ನಂತರ ಒಬ್ಬರಂತೆ ದೊರೆಗಳಾದರು.

ಎಂಬತ್ತು ದಾಟಿದ ಮೇಲೆ ಅವರು ಈ ಬೋಳು ಬೆಟ್ಟವನ್ನು ಕಂಡು, ಇಲ್ಲಿ ಮತ್ತೆ ಕಾಡು ಬೆಳೆಸುವುದಾದರೆ ಮಾತ್ರ ಇಲ್ಲಿ ಮನೆ ಕಟ್ಟಿಸುವೆನೆಂದರು. 1988ರಲ್ಲಿ ದೋಯ್ ತುಂಗ್ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅದರ ವ್ಯಾಪ್ತಿ ಸುಮಾರು 150 ಚದರ ಕಿಲೋಮೀಟರ್, 29 ಹಳ್ಳಿಗಳು, ಸುಮಾರು 11,000 ಜನ. 1995ರಲ್ಲಿ ಅವರು ತೀರಿಕೊಂಡರೂ ಯೋಜನೆ ನಿಲ್ಲಲಿಲ್ಲ.

ಕೆಲಸ ನಡೆದ ಕ್ರಮ ಗಮನಾರ್ಹವಾಗಿದೆ. ಕಾಫಿ ಗಿಡ ನೆಟ್ಟರೆ ಫಸಲು ಬರಲು ಮೂರು ವರ್ಷವಾದರೂ ಬೇಕು. ಅಷ್ಟು ದಿನ ಮನೆಯ ಒಲೆ ಉರಿಯುವುದು ಹೇಗೆ? ಆದ್ದರಿಂದ ಮೊದಲು ಕಾಡು ಬೆಳೆಸುವ ಕೆಲಸಕ್ಕೆ ಆ ಹಳ್ಳಿಗರನ್ನೇ ದಿನಗೂಲಿಗೆ ತೆಗೆದುಕೊಳ್ಳಲಾಯಿತು. ಚಟಕ್ಕೆ ಬಿದ್ದವರಿಗೆ ಸಾವಿರ ದಿನಗಳ ದೀರ್ಘ ಚಿಕಿತ್ಸೆ ಮತ್ತು ಕಸುಬಿನ ತರಬೇತಿ ದೊರೆಯಿತು. ಬಳಿಕ ಮರಗಳ ನೆರಳಿನಲ್ಲಿ ಅರೇಬಿಕಾ ಕಾಫಿ ಬಂತು, ಮೆಕಡೇಮಿಯಾ ಎಂಬ ಬೆಲೆಬಾಳುವ ಬೀಜದ ಮರಗಳು ಬಂದವು. ಮರದ ನೆರಳಿನ ಕಾಫಿ ಎಂದರೆ ನಮ್ಮ ಚಿಕ್ಕಮಗಳೂರು, ಕೊಡಗಿನ ಸಹೋದರಿಯರಿಗೆ ವಿವರಿಸಬೇಕಾಗಿಲ್ಲ. ಹೊಲದಲ್ಲಿ ದುಡಿಯಲಾಗದ ಹಿರಿಯ ಹೆಂಗಸರಿಗೆ ಕೈಮಗ್ಗ ಆಸರೆಯಾಯಿತು. ಕೈಕಾಗದ ಮತ್ತು ಪಿಂಗಾಣಿ ಪಾತ್ರೆಗಳ ತಯಾರಿಯೂ ಅಲ್ಲಿದೆ. ಇಂದು ಪ್ರವಾಸಿಗರು ದೋಯ್ ತುಂಗ್ ಹೆಸರಿನ ಶಾಲು ಮತ್ತು ಕಾಫಿಪುಡಿಯನ್ನು ಅಲ್ಲಿಂದ ಕೊಂಡು ತರುತ್ತಾರೆ.

ನೋಡುವಂತಹ ತಾಣಗಳು

ದೋಯ್ ತುಂಗ್‌ನಲ್ಲಿ ಮೊದಲು ಕಾಣಸಿಗುವುದು ಮೇ ಫಾ ಲುವಾಂಗ್ ಉದ್ಯಾನ. ತಂಪು ಹವೆಯ ನೂರಾರು ಬಗೆಯ ಹೂಗಳನ್ನು ಇಲ್ಲಿ ಋತುವಿಗೆ ತಕ್ಕಂತೆ ಬೆಳೆಸುತ್ತಾರೆ. ನಡುವೆ ಒಬ್ಬರ ಮೇಲೊಬ್ಬರು ಹತ್ತಿ ನಿಂತ ಮಕ್ಕಳ ಶಿಲ್ಪವೊಂದಿದೆ. ಅದನ್ನು ರಚಿಸಿದವರು ಮಿಸಿಯೆಮ್ ಯಿಪಿನ್ಸೋಯ್ ಎಂಬ ಮಹಿಳಾ ಕಲಾವಿದೆ. 'ನಿರಂತರತೆ' ಎಂಬ ಅರ್ಥದ ಹೆಸರನ್ನು ಅದಕ್ಕೆ ರಾಜಮಾತೆಯೇ ಇಟ್ಟರು. ಈ ಉದ್ಯಾನ ಇರುವ ಜಾಗದಲ್ಲಿ ಹಿಂದೆ ಅಖಾ ಜನರ ಒಂದು ಹಳ್ಳಿಯಿತ್ತು. ಅಫೀಮು ಮತ್ತು ಆಯುಧ ಸಾಗಾಟದ ದಾರಿಯಲ್ಲಿದ್ದ ಆ ಹಳ್ಳಿಯನ್ನು ಸಮೀಪದಲ್ಲೇ ಬೇರೆ ಕಡೆಗೆ ಸ್ಥಳಾಂತರಿಸಲಾಯಿತು. ಹೂಗಳ ನಡುವೆ ನಡೆಯುವಾಗ, ಯಾರದೋ ಮನೆಯಂಗಳ ಇದಾಗಿತ್ತು ಎಂಬ ಅರಿವು ನೋಡುಗರಿಗಿರಬೇಕು.

ಉದ್ಯಾನದ ಪಕ್ಕದಲ್ಲಿ ರಾಜಮಾತೆ ವಾಸಿಸಿದ ಮರದ ಮನೆಯಿದೆ. ಇನ್ನೂ ಮೇಲೆ ಹೋದರೆ ಗಡಿಯಂಚಿನ ದೋಯ್ ಚಾಂಗ್ ಮೂಪ್. ಅಲ್ಲಿನ ಸಸ್ಯೋದ್ಯಾನದಿಂದ ನಿಂತು ನೋಡಿದರೆ ಮ್ಯಾನ್ಮಾರಿನ ಬೆಟ್ಟಗಳು ಕಾಣುತ್ತವೆ.

ಥೋಯ್ತ್ ಥಾಯ್ ಎಂಬ ಹಳ್ಳಿ ಒಂದು ಕಾಲದಲ್ಲಿ ಅಫೀಮು ದೊರೆ ಖುನ್ ಸಾನ ನೆಲೆಯಾಗಿತ್ತು. 1982ರಲ್ಲಿ ಥಾಯ್ ಸೇನೆ ದಾಳಿ ನಡೆಸಿ ಅವನನ್ನು ಗಡಿಯಾಚೆಗೆ ಅಟ್ಟಿತು. ಅವನ ಹಳೆಯ ಶಿಬಿರವನ್ನು ಇಂದು ಜನ ನೋಡಲು ಹೋಗುತ್ತಾರೆ.

ಮೇ ಸಲೋಂಗ್‌ನ ಮಸೀದಿ

ಬೆಟ್ಟದ ಇನ್ನೊಂದು ಮಗ್ಗುಲಲ್ಲಿರುವ ಮೇ ಸಲೋಂಗ್ ಚೀನೀಯರ ಊರು. 1949ರಲ್ಲಿ ಚೀನಾ ಕಮ್ಯುನಿಸ್ಟರ ವಶವಾದಾಗ, ಸೋತ ಸೇನೆಯ ಒಂದು ಭಾಗ ಯುನ್ನಾನ್‌ನಿಂದ ಬರ್ಮಾಕ್ಕೆ ಬಂದು, 1960ರ ದಶಕದ ಆರಂಭದಲ್ಲಿ ಇಲ್ಲಿ ನೆಲೆಯೂರಿತು. ಅವರೂ ಬಹುಕಾಲ ಅಫೀಮಿನ ವ್ಯಾಪಾರದಲ್ಲಿದ್ದರು. ಮುಂದೆ ಸರಕಾರ ಅವರಿಗೆ ಪೌರತ್ವ ನೀಡಿತು. ಅವರು ತೈವಾನ್ ತಳಿಯ ಊಲಾಂಗ್ ಚಹಾ ಬೆಳೆಯತೊಡಗಿದರು. ಊರಿಗೆ 'ಶಾಂತಿಯ ಬೆಟ್ಟ' ಎಂಬ ಅರ್ಥದ ಸಂತಿಖಿರಿ ಎಂಬ ಹೊಸ ಹೆಸರೂ ಬಂತು. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ರಸ್ತೆಯ ಎರಡೂ ಬದಿ ಚೆರಿ ಮರಗಳು ಗುಲಾಬಿ ಬಣ್ಣದ ಹೂ ಬಿಡುವಾಗ ಇಲ್ಲಿ ಚಹಾ ಹಾಗೂ ಹೂವಿನ ಉತ್ಸವ ನಡೆಯುತ್ತದೆ.

ಯುನ್ನಾನ್‌ನಲ್ಲಿ ಶತಮಾನಗಳಿಂದ ಮುಸ್ಲಿಮರಿದ್ದಾರೆ. ಹೇಸರಗತ್ತೆಗಳ ಮೇಲೆ ಸರಕು ಹೇರಿ ಈ ಬೆಟ್ಟಗಳನ್ನು ದಾಟುತ್ತಿದ್ದ ವ್ಯಾಪಾರಿಗಳಲ್ಲಿ ಅವರು ಹೆಸರಾದವರು. ಮೇ ಸಲೋಂಗ್‌ನಲ್ಲಿ ಅವರದೊಂದು ಮಸೀದಿಯಿದೆ, ಹಲಾಲ್ ದನದ ಮಾಂಸದ ನೂಡಲ್ಸ್ ಸಿಗುವ ಹೋಟೆಲುಗಳಿವೆ. ಉಳಿದ ಕಡೆ ಹಂದಿ ಮಾಂಸದ ಬಳಕೆ ಸಾಮಾನ್ಯವಾದುದರಿಂದ ಕೇಳಿ ತಿಳಿದು ತಿನ್ನುವುದು ಒಳ್ಳೆಯದು.

ಹೆಂಗಸರ ಜೋಕಾಲಿ ಹಬ್ಬ

ಅಖಾ ಜನರ ಜೋಕಾಲಿ ಹಬ್ಬ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಂಭದಲ್ಲಿ, ಭತ್ತ ತೆನೆಗಟ್ಟುವ ಹೊತ್ತಿಗೆ ಬರುತ್ತದೆ. ನಾಲ್ಕು ದಿನಗಳ ಈ ಹಬ್ಬವನ್ನು 'ಹೆಂಗಸರ ಹಬ್ಬ' ಎಂದೂ ಕರೆಯುತ್ತಾರೆ. ಉದ್ದನೆಯ ನಾಲ್ಕು ಮರದ ಕಂಬಗಳನ್ನು ನೆಟ್ಟು, ತುದಿಯನ್ನು ಒಟ್ಟಿಗೆ ಬಿಗಿದು, ಜೋಕಾಲಿ ಇಳಿಬಿಡುತ್ತಾರೆ. ಊರಿನ ಹಿರಿಯ ಮೊದಲು ತೂಗಿದ ನಂತರ ಉಳಿದವರ ಸರದಿ. ವರ್ಷವಿಡೀ ಬಿಡುವಿನ ವೇಳೆ ನೂತು, ನೇಯ್ದು, ಕಸೂತಿ ಹಾಕಿದ ಬಟ್ಟೆಯನ್ನು ಹೆಂಗಸರು ಅಂದು ಉಡುತ್ತಾರೆ. ಅವರ ತಲೆಯುಡುಗೆಯ ತುಂಬ ಬೆಳ್ಳಿಯ ಗುಂಡುಗಳು, ನಾಣ್ಯಗಳು. ಅವುಗಳಲ್ಲಿ ಬ್ರಿಟಿಷರ ಕಾಲದ ನಮ್ಮ ಭಾರತದ ಬೆಳ್ಳಿ ರೂಪಾಯಿಗಳೂ ಇರುತ್ತವೆ! ಬರ್ಮಾದ ದಾರಿಯಾಗಿ ವ್ಯಾಪಾರದಲ್ಲಿ ಬಂದ ಆ ರೂಪಾಯಿ ಅಲ್ಲಿ ತಾಯಿಯಿಂದ ಮಗಳಿಗೆ ಸಲ್ಲುವ ಆಸ್ತಿ.

ಈ ಹಬ್ಬ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಅದು ಅವರ ನಂಬಿಕೆಗೆ ಸೇರಿದ್ದು. ಹಳ್ಳಿಯ ಪ್ರವೇಶದಲ್ಲಿರುವ ಮರದ ದ್ವಾರವನ್ನು ಹೊರಗಿನವರು ಮುಟ್ಟಬಾರದು, ಕೇಳದೆ ಹೆಂಗಸರ ಫೋಟೋ ತೆಗೆಯಬಾರದು. ನಮ್ಮ ಮನೆಯ ಮದುವೆಗೆ ಬಂದ ಅಪರಿಚಿತರಿಂದ ನಾವು ಬಯಸುವ ಮರ್ಯಾದೆಯನ್ನೇ ಅವರೂ ಬಯಸುತ್ತಾರೆ.

ಮುಗಿಯದ ಕೆಲಸ

ಬೆಟ್ಟದ ಕಷ್ಟಗಳೆಲ್ಲ ತೀರಿಲ್ಲ. 2018ರಲ್ಲಿ ಗುಹೆಯಿಂದ ಪಾರಾದವರಲ್ಲಿ ಮೂವರು ಬಾಲಕರಿಗೂ ಅವರ ತರಬೇತುದಾರನಿಗೂ ಯಾವ ದೇಶದ ಪೌರತ್ವವೂ ಇರಲಿಲ್ಲವೆಂಬುದು ಆಗ ಬೆಳಕಿಗೆ ಬಂತು. ಆ ವರ್ಷ ಆಗಸ್ಟಿನಲ್ಲಿ ಅವರಿಗೆ ಪೌರತ್ವ ದೊರೆಯಿತು. ಆದರೆ ಗಡಿಯ ಬೆಟ್ಟಗಳಲ್ಲಿ ಹುಟ್ಟಿ ಬೆಳೆದರೂ ಕಾಗದಪತ್ರವಿಲ್ಲದ ಅನೇಕರು ಇಂದೂ ಇದ್ದಾರೆ. ಇತ್ತ ಗಡಿಯಾಚೆಯ ಮ್ಯಾನ್ಮಾರ್ 2023ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಅಫೀಮು ಉತ್ಪಾದಿಸುವ ದೇಶವಾಯಿತು. ಅಲ್ಲಿ ತಯಾರಾಗುವ ಅಮಲು ಮಾತ್ರೆಗಳು ಇದೇ ಬೆಟ್ಟಗಳನ್ನು ದಾಟಿ ಬರುತ್ತಿವೆ.

ಅಲ್ಲಿಗೆ ಹೋಗುವವರಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೆಳಗಿನ ಚಳಿಗೆ ಬೆಚ್ಚನೆಯ ಬಟ್ಟೆ ಬೇಕೇ ಬೇಕು. ಮೇ ಸಲೋಂಗ್‌ನಲ್ಲಿ ಉಳಿದರೆ ನಸುಕಿನ ಸಂತೆಯನ್ನು ತಪ್ಪಿಸಬಾರದು. ಬೆಟ್ಟ ಇಳಿದು ಬಂದ ಅಖಾ ಹೆಂಗಸರು ಅಲ್ಲಿ ಸೊಪ್ಪು, ಶುಂಠಿ, ಕೈಕಸೂತಿಯ ಚೀಲಗಳನ್ನು ಹರಡಿಕೊಂಡು ಕುಳಿತಿರುತ್ತಾರೆ. ಅಫೀಮು ಬಿಟ್ಟ ಮನೆ ಇನ್ನೊಂದು ವರ್ಷ ಅಫೀಮಿಲ್ಲದೆ ನಡೆಯಬೇಕಾದರೆ ಆ ಚೀಲ ಮಾರಾಟವಾಗಬೇಕು. ಅವರೊಂದಿಗೆ ಹೆಚ್ಚು ಚೌಕಾಸಿ ಮಾಡದಿದ್ದರೆ ಒಳ್ಳೆಯದು.