ತುಟ್ಟಿಯ ಮಾತು

‘ಅಪ್ಪಾ, ಡರ್ತ್ ಅಂದರೆ ಕನ್ನಡದಲ್ಲಿ ಏನು?’ ಇಲ್ಲಿ ಪುಣೆಯಲ್ಲಿ ಎಂಟನೇ ತರಗತಿ ಓದುವ ಮಗಳು ಮೊನ್ನೆ ಕೇಳಿದಳು. ‘ಕೊರತೆ’ ಎಂದೆ, ಥಟ್ಟನೆ. ಆಮೇಲೆ ನಿಘಂಟು ತೆರೆದರೆ, ನಾನು ಹೇಳಿದ್ದು ಅರ್ಧ ಮಾತ್ರ.

ಆ ಪದದ ಹೊಟ್ಟೆಯೊಳಗೆ ಇರುವುದು ‘ಡಿಯರ್’. ಪತ್ರದ ಮೊದಲಿಗೆ ಬರೆಯುತ್ತೇವಲ್ಲ, ಅದೇ. ಅದಕ್ಕೆ ಪ್ರೀತಿಯ ಎಂಬ ಅರ್ಥವೂ ಉಂಟು, ತುಟ್ಟಿ ಎಂಬ ಅರ್ಥವೂ ಉಂಟು. ವಾರ್ಮ್‌ನಿಂದ ವಾರ್ಮ್ತ್ ಆದಂತೆ ಡಿಯರ್‌ನಿಂದ ಡರ್ತ್ ಆಯಿತು. ಹಳೆಯ ಇಂಗ್ಲೆಂಡಿನಲ್ಲಿ ಬೆಳೆ ಕೈಕೊಟ್ಟು ಕಾಳು ತುಟ್ಟಿಯಾದ ಕಾಲಕ್ಕೇ ಈ ಹೆಸರು. ಅಂದರೆ ನಮ್ಮ ಬರ. ಆದರೆ ನಮ್ಮ ಬರ ಮಳೆಯಿಲ್ಲದೆ ಬರುವಂಥದ್ದು. ಅಲ್ಲಿ 1315ರಲ್ಲಿ ಮಳೆ ಬಿಡದೆ ಹೊಯ್ದು ಪೈರು ಕೊಳೆತು ಬರ ಬಿತ್ತು!

ಈಗ ಅನ್ನದಿಂದ ಅದು ದೂರ ಸರಿದಿದೆ. ಮಾಹಿತಿ, ಅವಕಾಶ, ಒಳ್ಳೆಯ ಶಿಕ್ಷಕರು, ಯಾವುದು ಸಾಲದಿದ್ದರೂ ‘ಡರ್ತ್ ಆಫ್’ ಹಚ್ಚಬಹುದು. ನಮ್ಮ ಪತ್ರಿಕೆಗಳಿಗಂತೂ ‘ನೋ ಡರ್ತ್ ಆಫ್ ಟ್ಯಾಲೆಂಟ್’ ಬಲು ಪ್ರಿಯ. ಮನೆಯಲ್ಲಿ ಸಕ್ಕರೆ ಮುಗಿದಿದ್ದಕ್ಕೆ ಮಾತ್ರ ಈ ಪದ ಬಳಸಬೇಡ, ನಗುತ್ತಾರೆ ಎಂದು ಮಗಳಿಗೆ ಹೇಳಿದೆ.

ಕೊರತೆ, ಅಭಾವ ಎಂಬ ನಮ್ಮ ಪದಗಳಲ್ಲಿ ಪ್ರೀತಿಯ ಸುಳಿವಿಲ್ಲವಲ್ಲ ಎಂದುಕೊಳ್ಳುತ್ತಲೇ ರಾತ್ರಿ ಧಾರವಾಡಕ್ಕೆ ಫೋನ್ ಮಾಡಿದೆ.

‘ನೀನೂ ಭಾಳ ತುಟ್ಟಿ ಆಗಿಬಿಟ್ಟಿ ನೋಡಪಾ,’ ಅಂದಳು ಅವ್ವ. ‘ದೀಪಾವಳಿಗೂ ಬರ್ಲಿಲ್ಲ.’

ಮಗಳಿಗೆ ಫೋನ್ ಕೊಟ್ಟು ರೈಲಿನ ಟಿಕೆಟ್ ಹುಡುಕತೊಡಗಿದೆ.